ಸೊಂಟ ಆಡಿಸಿದರೂ ತಪ್ಪು, ತಲೆ ಮೇಲೆ ತಿರುಗಿದರೂ ತಪ್ಪು!

ಓದುಗರ ಪತ್ರ:

"ಸಂಪಾದಕರೇ, ಹೋದ ಸಂಚಿಕೆಯಲ್ಲಿ ಹಿಪ್ ಹಾಪ್ ಕುಣಿಯುವ ಹೆಣ್ಣುಮಕ್ಕಳನ್ನು ಬಾಯ್ತುಂಬ ಹೊಗಳಿದ್ದೀರಿ. ನನ್ನ ಮಗಳೂ ಅದನ್ನೇ ಕಲಿಯುತ್ತಿದ್ದಾಳೆ. ಮೊನ್ನೆ ಅವಳ ಪ್ರದರ್ಶನ ನೋಡಿದೆ. ಮೊದಲರ್ಧ ದೊಗಳೆ ಪ್ಯಾಂಟು ಹಾಕಿಕೊಂಡು ಹುಡುಗರ ಹಾಗೆ ನೆಲದ ಮೇಲೆ ಉರುಳಿದಳು. ಉಳಿದರ್ಧ ಹೈ ಹೀಲ್ಸ್ ಹಾಕಿಕೊಂಡು ಸೊಂಟ ಕುಣಿಸಿದಳು. ಮೊದಲನೆಯದರಲ್ಲಿ ಹೆಣ್ತನವೇ ಕಾಣಲಿಲ್ಲ, ಎರಡನೆಯದರಲ್ಲಿ ಅದೇ ಜಾಸ್ತಿ ಆಯಿತು. ಒಂದು ಗಂಡಸರ ನಕಲು, ಇನ್ನೊಂದು ಗಂಡಸರ ಕಣ್ಣಿಗಾಗಿ. ನೀವು ಹೇಳುವ ಶಕ್ತಿ ಇದರಲ್ಲಿ ಎಲ್ಲಿದೆ? ಅವಳಿಗೆ ನಾನು ಏನು ಹೇಳಲಿ? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಮೇಡಂ, ಹೆಸರು ಹಾಕಿಲ್ಲ. ಪತ್ರವನ್ನು ಮಾತ್ರ ಒಂದಕ್ಷರ ಬಿಡದೆ ಹಾಕಿದ್ದೇನೆ. ಬಹಳ ಜನ ಮನಸ್ಸಿನಲ್ಲೇ ಇಟ್ಟುಕೊಂಡು, ಹೊರಗೆ "ಚೆನ್ನಾಗಿತ್ತು" ಅಂತ ಹೇಳಿ ಎದ್ದು ಹೋಗುವ ಮಾತು ಇದು. ನೀವು ನೇರವಾಗಿ ಬರೆದಿರಿ. ಅದಕ್ಕೆ ಥ್ಯಾಂಕ್ಸ್. ಈಗ ಸ್ವಲ್ಪ ಜಗಳ ಆಡೋಣ.

ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದು ಇದೆ. ಹಿಪ್ ಹಾಪ್ ಹೆಸರಿನಲ್ಲಿ ಬರುವ ಎಷ್ಟೋ ವಿಡಿಯೋಗಳಲ್ಲಿ ಹೆಣ್ಣುಮಕ್ಕಳು ಹಾಡುವವನ ಹಿಂದೆ ಅಲಂಕಾರಕ್ಕೆ ನಿಂತಿರುತ್ತಾರೆ. ಅವರಿಗೆ ಕುಣಿಯಲು ಸರಿಯಾಗಿ ನಾಲ್ಕು ಹೆಜ್ಜೆಯೂ ಕೊಟ್ಟಿರುವುದಿಲ್ಲ. ಅದು ವ್ಯಾಪಾರ. ಅಂಥದ್ದನ್ನು ನೋಡಿದ ತಾಯಿಗೆ ಗಾಬರಿ ಆಗುವುದು ಸಹಜ. ಆದರೆ ನಿಮ್ಮ ಮಗಳು ಮಾಡಿದ್ದು ಅದಲ್ಲವಲ್ಲ?

ನನಗೆ ಚುಚ್ಚಿದ್ದು ನಿಮ್ಮ ಲೆಕ್ಕ. ಬಲ ತೋರಿಸಿದರೆ ಅದು ಗಂಡಸರದ್ದು, ಚೆಲುವು ತೋರಿಸಿದರೆ ಅದು ಗಂಡಸರಿಗಾಗಿ. ಹಾಗಾದರೆ ಅವಳದ್ದು ಅಂತ ಏನು ಉಳಿಯಿತು? ಮುಂಬಾಗಿಲು, ಹಿತ್ತಿಲ ಬಾಗಿಲು ಎರಡಕ್ಕೂ ಚಿಲಕ ಹಾಕಿ, ಒಳಗೆ ಯಾಕೆ ಬರಲಿಲ್ಲ ಅಂತ ಕೇಳಿದ ಹಾಗಾಯಿತು.

ಮೊದಲು ಈ "ನಕಲು" ಅನ್ನುವ ಮಾತು ನೋಡೋಣ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರ ರಾತ್ರಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಒಂದು ಕೋಣೆಯಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಆ ಪಾರ್ಟಿ ಇಟ್ಟುಕೊಂಡವಳು ಒಬ್ಬ ಹುಡುಗಿ, ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವುದರೊಳಗೆ ಹೊಸ ಬಟ್ಟೆ ಕೊಳ್ಳಬೇಕು, ಕೈಯಲ್ಲಿ ದುಡ್ಡಿಲ್ಲ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಅಂತ ಕೈಯಲ್ಲೇ ಚೀಟಿ ಬರೆದು ಹಂಚಿದರು. ಹಾಡು ಹಾಕಲು ಅಣ್ಣ ಕ್ಲೈವ್‌ನನ್ನು ನಿಲ್ಲಿಸಿದಳು. ಆ ಅಣ್ಣನೇ ಡಿಜೆ ಕೂಲ್ ಹರ್ಕ್. ಡ್ರಮ್ ಮಾತ್ರ ಕೇಳಿಸುವ ಜಾಗ ಬಂದಾಗಲೇ ಜನ ಜಾಸ್ತಿ ಕುಣಿಯುತ್ತಾರೆ ಎಂದು ಗಮನಿಸಿ, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನು ಎಳೆದೆಳೆದು ಹಾಕಿದವನು. ಅವನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಬರೆಯಲಿ. ತಂಗಿಯನ್ನು ಮಾತ್ರ ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ.

ಅದೇ ಕಾಲಕ್ಕೆ ಲಾಸ್ ಏಂಜಲೀಸ್‌ನಲ್ಲಿ ಡಾನ್ ಕ್ಯಾಂಪ್‌ಬೆಲ್ ಜೊತೆ ಸೇರಿ 'ದಿ ಲಾಕರ್ಸ್' ಎಂಬ ಕುಣಿತದ ತಂಡ ಕಟ್ಟಿದವಳು ಟೋನಿ ಬೇಸಿಲ್. 80ರ ದಶಕದಲ್ಲಿ ರಾಕ್ ಸ್ಟೆಡಿ ಕ್ರೂ ಎಂಬ ಬ್ರೇಕಿಂಗ್ (ನೆಲಕ್ಕಿಳಿದು ಕುಣಿಯುವ ಶೈಲಿ) ತಂಡದಲ್ಲಿ ಬೇಬಿ ಲವ್ ಇದ್ದಳು. ಬಿ-ಬಾಯ್‌ಗಳ (ಬ್ರೇಕಿಂಗ್ ಕುಣಿಯುವ ಹುಡುಗರ) ದೊಡ್ಡ ಸಮ್ಮೇಳನವೊಂದನ್ನು 90ರ ದಶಕದಲ್ಲಿ ಶುರು ಮಾಡಿದ್ದೂ ಹೆಣ್ಣುಮಗಳೇ, ಏಷಿಯಾ ವನ್. ಮೊದಲಿನಿಂದ ಈ ಕುಣಿತದ ಮನೆಯೊಳಗೇ ಇದ್ದವರು ನಕಲು ಮಾಡುವುದು ಯಾರನ್ನು?

ಇನ್ನೊಂದು ಕಥೆ ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟ. ವ್ಯಾಕಿಂಗ್ ಅಂತ ಒಂದು ಶೈಲಿ ಇದೆ. ತೋಳುಗಳನ್ನು ಭುಜದ ಮೇಲಿಂದ ತಲೆಯ ಹಿಂದಕ್ಕೆ ಬೀಸಿ, ಬೀಟ್‌ಗೆ ಸರಿಯಾಗಿ ಝಾಡಿಸುವುದು. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಕೈ ಎಲ್ಲೆಲ್ಲೋ ಹೋಗಿ ಬಂದಿರುತ್ತದೆ. 70ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸಲಿಂಗಿಗಳ ಕ್ಲಬ್ಬುಗಳಲ್ಲಿ ಕಪ್ಪು ಮತ್ತು ಲ್ಯಾಟಿನೋ ಹುಡುಗರು ಇದನ್ನು ಕಟ್ಟಿದರು. ಹಳೆಯ ಹಾಲಿವುಡ್ ನಟಿಯರ ನಿಲುವು, ಕತ್ತು ಹೊರಳಿಸುವ ರೀತಿ, ಕೈ ಬೀಸುವ ಠೀವಿ, ಇವೇ ಅವರ ಬಂಡವಾಳ. ಅಂದರೆ ಗಂಡುಹುಡುಗರು ಹೆಣ್ಣಿನ ಭಂಗಿಯಲ್ಲಿ ಧೈರ್ಯ ಕಂಡರು, ಅದನ್ನೇ ತಮ್ಮ ಬಲ ಮಾಡಿಕೊಂಡರು. ಇವತ್ತು ಅದೇ ಶೈಲಿಯನ್ನು ಹೆಣ್ಣುಮಕ್ಕಳು ಮತ್ತೆ ಎತ್ತಿಕೊಂಡು ದೇಶದೇಶಗಳಲ್ಲಿ ಕುಣಿಯುತ್ತಿದ್ದಾರೆ. ಯಾರದ್ದು ಯಾರ ನಕಲು, ಹೇಳಿ?

ಈಗ ನಿಮ್ಮ ಮಗಳ ಮೊದಲರ್ಧಕ್ಕೆ ಬರೋಣ. "ಉರುಳಿದಳು" ಎಂದಿದ್ದೀರಿ. ಬ್ರೇಕಿಂಗ್‌ನಲ್ಲಿ ಅದಕ್ಕೆ ಫುಟ್‌ವರ್ಕ್ ಅನ್ನುತ್ತಾರೆ. ಅದರ ಮೊದಲ ಪಾಠ ಸಿಕ್ಸ್ ಸ್ಟೆಪ್. ಅಂಗೈ ನೆಲಕ್ಕೂರಿ, ಸೊಂಟ ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದು, ಆರು ಹೆಜ್ಜೆಯಲ್ಲಿ ಎರಡೂ ಕಾಲು ದೇಹದ ಸುತ್ತ ಒಂದು ಸುತ್ತು ಬರಬೇಕು. ಕಾಲು ಬಂದ ಕಡೆ ಕೈ ಎತ್ತಬೇಕು, ಮರುಕ್ಷಣವೇ ಊರಬೇಕು. ಆ ಕ್ಷಣದಲ್ಲಿ ಎರಡು ಕೈಗಳ ಪಾಲಿನ ಭಾರವೆಲ್ಲ ಒಂದೇ ಮಣಿಕಟ್ಟಿನ ಮೇಲೆ. ಇಷ್ಟೆಲ್ಲ ಮಾಡಿ ಬೀಟ್ ತಪ್ಪಬಾರದು, ಮುಖದಲ್ಲಿ ಕಷ್ಟ ಕಾಣಬಾರದು. ಆಮೇಲೆ ಇದ್ದಕ್ಕಿದ್ದಂತೆ ಮೊಣಕೈಯನ್ನು ಪಕ್ಕೆಗೆ ಊರಿ, ತಲೆ ನೆಲಕ್ಕಿಟ್ಟು, ಕಾಲು ಗಾಳಿಯಲ್ಲಿ ನಿಲ್ಲಿಸಿ ಫ್ರೀಝ್ ಆಗಬೇಕು. ಒಮ್ಮೆ ಮನೆಯ ಹಾಲ್‌ನಲ್ಲಿ ಅವಳಿಂದ ನಿಧಾನವಾಗಿ ಮಾಡಿಸಿ ನೋಡಿ. ಇದರಲ್ಲಿ ಗಂಡಸುತನ ಎಲ್ಲಿದೆ ಅಂತ ನನಗೆ ಹುಡುಕಿ ಕೊಡಿ. ಮಣಿಕಟ್ಟು ಇದೆ, ಭುಜ ಇದೆ, ಕಿವಿ ಇದೆ, ವರ್ಷಗಟ್ಟಲೆ ಬಿದ್ದು ಎದ್ದ ಮೊಣಕಾಲಿನ ಕಲೆ ಇದೆ.

ಎರಡನೆಯ ಅರ್ಧ ಇನ್ನೂ ಕಷ್ಟ, ನಂಬಿ. ಹೀಲ್ಸ್ ಹಾಕಿದಾಗ ಭಾರವೆಲ್ಲ ಪಾದದ ಮುಂಭಾಗಕ್ಕೆ ಬರುತ್ತದೆ. ಅಲ್ಲೇ ನಿಂತು, ಎದೆಗೂಡು ಕದಲದಂತೆ ಹಿಡಿದು, ಸೊಂಟ ಮಾತ್ರ ಸುತ್ತು ತಿರುಗಬೇಕು. ನೋಡುವವರಿಗೆ ಸೊಂಟ ಕಾಣುತ್ತದೆ, ಕೆಲಸ ಮಾಡುವುದು ಮಂಡಿ ಮತ್ತು ಹೊಟ್ಟೆಯ ಸ್ನಾಯು. ಎಂಟು ಎಣಿಸುವಷ್ಟು ಹೊತ್ತು ನಿಧಾನವಾಗಿ ನೆಲದ ತನಕ ಕುಕ್ಕರಿಸಿ, ಕೈ ಊರದೆ ಅಷ್ಟೇ ನಿಧಾನವಾಗಿ ಮೇಲೆದ್ದು ನೋಡಿ, ತೊಡೆ ನಡುಗಲು ಶುರುವಾಗುತ್ತದೆ. ಇದನ್ನು ಒಯ್ಯಾರ ಅಂತ ಕರೆಯುತ್ತೇವೆ, ಅದೇ ತೊಡೆಯ ಬಲವನ್ನು ಜಿಗಿಯಲು ಬಳಸಿದರೆ ತಾಕತ್ತು ಅಂತ ಕರೆಯುತ್ತೇವೆ. ನ್ಯೂಜಿಲೆಂಡಿನ ಪ್ಯಾರಿಸ್ ಗೊಬೆಲ್ ಹುಡುಗಿಯರದ್ದೇ ತಂಡ ಕಟ್ಟಿ ಜಗತ್ತನ್ನು ಸುತ್ತಿದವಳು. ಅವಳ ಹುಡುಗಿಯರು ಮಂಡಿ ಬಗ್ಗಿಸಿ, ನೆಲಕ್ಕೆ ಹತ್ತಿರವಾಗಿ, ಮುಖ ಗಂಟಿಕ್ಕಿಕೊಂಡು ಸೊಂಟ ಆಡಿಸುತ್ತಾರೆ. ನಗುವುದೇ ಇಲ್ಲ! ನನ್ನನ್ನು ನೋಡಿ ಖುಷಿಪಡಿ ಅನ್ನುವ ಮುಖವೇ ಅಲ್ಲ ಅದು. 2023ರಲ್ಲಿ ಅಮೆರಿಕದ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ರಿಹಾನಾ ಹಾಡಿದಾಗ ಕುಣಿತ ಕಟ್ಟಿದ್ದೂ ಇವಳೇ. ಸುತ್ತ ದೊಗಳೆ ಬಿಳಿ ಬಟ್ಟೆಯ ನರ್ತಕರು, ನಡುವೆ ಕೆಂಪು ಬಟ್ಟೆಯಲ್ಲಿ ಗರ್ಭಿಣಿ ಗಾಯಕಿ. ಅದರಲ್ಲಿ ಹೆಣ್ತನ ಎಷ್ಟು, ಬಲ ಎಷ್ಟು ಅಂತ ತಕ್ಕಡಿ ಹಿಡಿದು ಬೇರೆ ಮಾಡಲು ಆಗುತ್ತದಾ?

ನಾನು ನೋಡಿದ ಒಂದು ಬ್ಯಾಟಲ್, ಅಂದರೆ ಕುಣಿತದ ಪೈಪೋಟಿ, ಅದರ ಬಗ್ಗೆ ಹೇಳಲೇಬೇಕು. ನರ್ತಕರು ಗುಂಡಗೆ ನಿಂತು ಸೈಫರ್ ಮಾಡಿದ್ದರು. ಸೈಫರ್‌ನಲ್ಲಿ ಯಾರೂ ಹೆಸರು ಕೂಗಿ ಕರೆಯುವುದಿಲ್ಲ, ನಾವೇ ಕಾಲಿಡಬೇಕು. ಅಂಚಿನಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಅವಳು ಹೆಜ್ಜೆ ಎತ್ತುವಾಗೆಲ್ಲ ಯಾರೋ ಹುಡುಗ ಮುಂದೆ ನುಗ್ಗುತ್ತಿದ್ದ. ಕೊನೆಗೆ ಒಬ್ಬ ಇನ್ನೂ ಮುಗಿಸುತ್ತಿರುವಾಗಲೇ ಅವಳು ಒಳಗೆ ನಡೆದಳು. ಓಡಲಿಲ್ಲ, ನಡೆದಳು. ಕೂದಲು ಬಿಚ್ಚಿ, ಮತ್ತೆ ಕಟ್ಟಿಕೊಂಡು, ಆ ಕಟ್ಟುವುದನ್ನೂ ಬೀಟ್‌ಗೆ ಕಟ್ಟಿ, ಆಮೇಲೆ ನೆಲಕ್ಕಿಳಿದು ಕುಣಿದಳು. ಜನ ಕೂಗಿದ್ದೇ ಕೂಗಿದ್ದು. ನನ್ನ ಹಿಂದೆ ನಿಂತವರು ಹೊಗಳಿದ್ದು ಹೀಗೆ: "ಎಂಥಾ ಹುಡುಗಿ, ಗಂಡುಹುಡುಗನ ಹಾಗೇ ಮಾಡ್ತಾಳೆ!" ನನಗೆ ಮೈಯೆಲ್ಲ ಉರಿಯಿತು. ಆ ಕೂದಲು ಕಟ್ಟಿದ್ದನ್ನು ಯಾವ ಹುಡುಗ ಮಾಡಿದ್ದ?

ಇದು ಕುಣಿತಕ್ಕಷ್ಟೇ ಅಂಟಿದ ರೋಗ ಅಲ್ಲ. ಭಾರ ಎತ್ತುವ ಹೆಣ್ಣು, ಕುಸ್ತಿ ಆಡುವ ಹೆಣ್ಣು, ಎಲ್ಲರಿಗೂ ಇದೇ ಪ್ರಶ್ನೆ, ಗಂಡಸಿನ ಹಾಗೆ ಆಗಿಬಿಡುವುದಿಲ್ವಾ ಅಂತ. ಕಾಲು ಕೂಡಿಸಿ ಕೂತ್ಕೋ, ಮೆಲ್ಲಗೆ ನಗು, ಜಾಗ ಬಿಡು ಅಂತ ಚಿಕ್ಕಂದಿನಿಂದ ಹೇಳಿ ಹೇಳಿ, ಒಬ್ಬಳು ತೋಳು ಚಾಚಿ ನಿಂತರೆ ಅವಳು ಯಾರದ್ದೋ ಜಾಗ ಕಿತ್ತುಕೊಂಡ ಹಾಗೆ ಕಾಣುತ್ತದೆ ನಮಗೆ. ಕ್ಯಾಮೆರಾ ಹಿಡಿಯುವವರೂ ಇದರಲ್ಲಿ ಪಾಲುದಾರರು. ಹುಡುಗ ಕುಣಿದರೆ ಕ್ಯಾಮೆರಾ ಹಿಂದೆ ಸರಿದು ತಲೆಯಿಂದ ಪಾದದ ತನಕ ತೋರಿಸುತ್ತದೆ. ಹುಡುಗಿ ಕುಣಿದರೆ ಹತ್ತಿರ ಬಂದು ಸೊಂಟಕ್ಕೆ ಅಂಟಿಕೊಳ್ಳುತ್ತದೆ, ಪಾದ ಕಾಣುವುದೇ ಇಲ್ಲ. ಪಾದ ಕಾಣದಿದ್ದರೆ ಅದು ಕುಣಿತವೇ ಅಲ್ಲ, ಬರೀ ಮೈ. ಬರೆಯುವವರೂ ಕಡಿಮೆಯಿಲ್ಲ. ನನ್ನ ಮೇಜಿಗೆ ಬರುವ ವಿಮರ್ಶೆಗಳಲ್ಲಿ ಗಂಡಿಗೆ ವೇಗ, ಹಿಡಿತ, ತಾಲೀಮು. ಹೆಣ್ಣಿಗೆ ಉಡುಪು, ನಗು, ಮುಖದ ಕಾಂತಿ. ಅವಳು ಏನು ಕುಣಿದಳು ಅಂತ ಒಂದು ಸಾಲೂ ಇರುವುದಿಲ್ಲ. ಅಂಥವನ್ನು ನಾನು ವಾಪಸ್ ಕಳಿಸುತ್ತೇನೆ, ಕೆಲವರಿಗೆ ಸಿಟ್ಟೂ ಬಂದಿದೆ.

ಒಲಿಂಪಿಕ್ಸ್‌ನವರು ಈ ವಿಷಯದಲ್ಲಿ ವಾಸಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಬ್ರೇಕಿಂಗ್ ಇಟ್ಟಾಗ ತೀರ್ಪುಗಾರರು ನೋಡಿದ್ದು ಐದೇ ಅಂಶ: ತಂತ್ರ, ಚಲನೆಗಳ ವೈವಿಧ್ಯ, ಮಾಡಿದ ಅಚ್ಚುಕಟ್ಟು, ಸಂಗೀತದ ಅರಿವು, ಸ್ವಂತಿಕೆ. ಗಂಡಿಗೂ ಅದೇ, ಹೆಣ್ಣಿಗೂ ಅದೇ. ಮೊದಲು ನಡೆದದ್ದು ಹೆಣ್ಣುಮಕ್ಕಳ ಸ್ಪರ್ಧೆ, ಆಗಸ್ಟ್ 9ರಂದು. ಹಾಗಾಗಿ ಒಲಿಂಪಿಕ್ಸ್ ಬ್ರೇಕಿಂಗ್‌ನ ಮೊಟ್ಟಮೊದಲ ಚಿನ್ನ ಗೆದ್ದದ್ದು ಹೆಣ್ಣು, ಜಪಾನಿನ ಅಮಿ. ಅದೇ ದೇಶದ ಅಯುಮಿ 41ರ ವಯಸ್ಸಿನಲ್ಲಿ ಅಲ್ಲಿ ಕುಣಿದಳು. 2017ರಲ್ಲಿ ರೆಡ್ ಬುಲ್ ಬಿಸಿ ವನ್ ಎಂಬ ಬ್ರೇಕಿಂಗ್ ಸ್ಪರ್ಧೆಯ ವಿಶ್ವ ಫೈನಲ್‌ನಲ್ಲಿ ಗಂಡಸರ ನಡುವೆ ನಿಂತ ಮೊದಲ ಹೆಣ್ಣು ಇವಳೇ. ಮರುವರ್ಷವೇ ಹೆಣ್ಣುಮಕ್ಕಳಿಗೆ ಬೇರೆ ಪ್ರಶಸ್ತಿ ಶುರುವಾಯಿತು. ಪ್ಯಾರಿಸ್‌ನಲ್ಲೇ ನಿರಾಶ್ರಿತರ ತಂಡದಿಂದ ಬಂದ ಅಫ್ಗಾನಿಸ್ತಾನದ ಮನೀಝಾ ತಲಾಶ್, ಅಫ್ಗಾನ್ ಹೆಣ್ಣುಮಕ್ಕಳನ್ನು ಬಿಡುಗಡೆ ಮಾಡಿ ಅಂತ ಬರೆದ ತಿಳಿನೀಲಿ ಬಟ್ಟೆಯನ್ನು ಬೆನ್ನಿಗೆ ಹೊದ್ದು ತೋರಿಸಿದಳು. ರಾಜಕೀಯ ಘೋಷಣೆ ಎಂದು ಅವಳನ್ನು ಅನರ್ಹಗೊಳಿಸಿದರು. ನಿಯಮ ಇರಬಹುದು. ಆದರೆ ಹೆಣ್ಣು ಕುಣಿಯುವುದನ್ನೇ ತಡೆಯುವವರಿಂದ ತಪ್ಪಿಸಿಕೊಂಡು ಬಂದವಳಿಗೆ ಕುಣಿತವೇ ಘೋಷಣೆ ಆಗಿರುತ್ತದೆ, ಅಲ್ವಾ? ಅವಳು ಮೈ ತೋರಿಸಿದಳಾ, ಗಂಡಸರ ನಕಲು ಮಾಡಿದಳಾ ಅಂತ ಅವತ್ತು ಯಾರೂ ಕೇಳಲಿಲ್ಲ.

ಮಗಳಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಏನೂ ಹೇಳಬೇಡಿ ಮೇಡಂ. ಹೀಲ್ಸ್ ಯಾಕೆ, ಆ ದೊಗಳೆ ಪ್ಯಾಂಟು ಯಾಕೆ, ಯಾವುದನ್ನು ಕುಣಿಯುವಾಗ ಮೈ ಹಗುರ ಅನ್ನಿಸುತ್ತದೆ, ಯಾವುದಕ್ಕೆ ಮುಂಚೆ ಭಯ ಆಗುತ್ತದೆ, ಕೇಳಿ. ಮುಂದಿನ ಸಲ ಹೋದಾಗ ಮೊದಲ ಎರಡು ನಿಮಿಷ ಅವಳ ಪಾದ ಮಾತ್ರ ನೋಡಿ, ಬಟ್ಟೆಯನ್ನು ಆಮೇಲೆ ನೋಡೋಣ. ಆಗಲೂ ಇಷ್ಟ ಆಗದಿದ್ದರೆ ಇಷ್ಟ ಆಗಲಿಲ್ಲ ಅಂತಲೇ ಅವಳಿಗೆ ಹೇಳಿ, ಅದು ನಿಮ್ಮ ಹಕ್ಕು. ನಕಲು ಅಂತ ಮಾತ್ರ ಹೇಳಬೇಡಿ. ಅವಳು ಏನು ಹೇಳಿದಳು ಎಂದು ನನಗೂ ಬರೆಯಿರಿ, ಅಥವಾ ಅವಳೇ ಬರೆಯಲಿ. ಬರುವ ಸಂಚಿಕೆಯಲ್ಲಿ ಒಂದು ಪುಟ ಅವಳಿಗೆ ಅಂತ ಬಿಟ್ಟಿರುತ್ತೇನೆ, ಹೆಸರು ಹಾಕುವುದೋ ಬೇಡವೋ ಅವಳೇ ಹೇಳಲಿ.