ಲೆಕ್ಕಿಗರು ತಡ ಮಾಡಿದರೆ ಕಂಪನಿಯ ದಂಡ ಯಾರು ಕಟ್ಟಬೇಕು?

ದಾವಣಗೆರೆಯಲ್ಲಿ ನೀವು ಮತ್ತು ನಿಮ್ಮ ತಮ್ಮ ನಡೆಸುತ್ತಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯ ನಾಲ್ಕು ತಿಂಗಳ ಜಿಎಸ್‌ಟಿ ರಿಟರ್ನ್ ಬಾಕಿ ಉಳಿದಿದೆ, ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟ್ ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಕೆಯಾಗಿಲ್ಲ, ತಿಂಗಳು ತಪ್ಪದೆ ಫೀಸು ಪಡೆದ ಲೆಕ್ಕಿಗರೇ ಈ ದಂಡವನ್ನೆಲ್ಲ ಕಟ್ಟಬೇಕಲ್ಲವೇ ಎಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ವ್ಯಾಟ್ ಬಂದ 2005ರಿಂದ ತೆರಿಗೆ ಸಲಹೆಯ ಕೆಲಸ ಮಾಡಿಕೊಂಡು ಬಂದವನು. ನಾನೂ ಲೆಕ್ಕಿಗರ ಕಡೆಯವನೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಇಲಾಖೆಯ ಮಟ್ಟಿಗೆ ಉತ್ತರ ಒಂದೇ: ಕಂಪನಿಯೇ ಕಟ್ಟಬೇಕು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 48ನೇ ಕಲಂ ತೆರಿಗೆ ವೃತ್ತಿನಿರತರಿಂದ ರಿಟರ್ನ್ ಹಾಕಿಸಲು ಅವಕಾಶ ಕೊಡುತ್ತದೆಯಾದರೂ, ಅದರಲ್ಲಿರುವ ವಿವರಗಳು ಸರಿಯಾಗಿವೆಯೇ ಎಂಬ ಹೊಣೆ ನೋಂದಾಯಿತ ವ್ಯಾಪಾರಿಯದೇ ಎಂದು ಅಲ್ಲೇ ಸ್ಪಷ್ಟವಾಗಿ ಹೇಳುತ್ತದೆ. ಖಾಸಗಿ ಕಂಪನಿಯಿಂದ ತೆರಿಗೆ ಬಾಕಿ ವಸೂಲಾಗದಿದ್ದರೆ, ಅದು ತಮ್ಮ ನಿರ್ಲಕ್ಷ್ಯದಿಂದಾದದ್ದಲ್ಲ ಎಂದು ನಿರ್ದೇಶಕರು ತೋರಿಸಿಕೊಡದ ಹೊರತು 89ನೇ ಕಲಂ ಅವರ ಬಳಿಗೇ ಬರುತ್ತದೆ. ಆದ್ದರಿಂದ ಜಗಳ ತೀರಲಿ, ಆಮೇಲೆ ಕಟ್ಟೋಣ ಎಂದು ಕಾಯಬೇಡಿ. ಒಂದು ತಿಂಗಳ ಜಿಎಸ್‌ಟಿಆರ್-3ಬಿ, ಅಂದರೆ ಮಾಸಿಕ ತೆರಿಗೆ ರಿಟರ್ನ್, ಹಾಕದೆ ಮುಂದಿನ ತಿಂಗಳದ್ದನ್ನು ಪೋರ್ಟಲ್ ಸ್ವೀಕರಿಸುವುದಿಲ್ಲ. ಕಂಪನಿ ಕಾಯ್ದೆಯಡಿ ಎಒಸಿ-4 (ಬ್ಯಾಲೆನ್ಸ್ ಶೀಟ್ ಸಲ್ಲಿಸುವುದು) ಮತ್ತು ಎಂಜಿಟಿ-7 (ಕಂಪನಿಯ ವಾರ್ಷಿಕ ರಿಟರ್ನ್) ನಮೂನೆಗಳಿಗೆ ತಲಾ ದಿನಕ್ಕೆ 100 ರೂಪಾಯಿಯಂತೆ, ಗರಿಷ್ಠ ಮಿತಿಯೇ ಇಲ್ಲದೆ ಹೆಚ್ಚುವರಿ ಶುಲ್ಕ ಏರುತ್ತಿರುತ್ತದೆ. ಎರಡೂ ಒಂದು ವರ್ಷ ತಡವಾದರೆ 73,000 ರೂಪಾಯಿ.

ನಿಮ್ಮ ಮತ್ತು ಲೆಕ್ಕಿಗರ ನಡುವಿನ ಮಾತು ಬೇರೆ. 1872ರ ಕರಾರು ಕಾಯ್ದೆಯ 212ನೇ ಕಲಮಿನ ಪ್ರಕಾರ, ಒಪ್ಪಿಕೊಂಡ ಕೆಲಸದಲ್ಲಿ ನಿರ್ಲಕ್ಷ್ಯ ತೋರಿದ ಏಜೆಂಟ್ ಅದರಿಂದ ನೇರವಾಗಿ ಆದ ನಷ್ಟವನ್ನು ತುಂಬಿಕೊಡಬೇಕು. ನೋಟಿಸಿನ ಅಡಿಯಲ್ಲಿರುವ ಒಟ್ಟು ಮೊತ್ತವನ್ನೇ ನಷ್ಟವೆಂದು ಹಿಡಿಯುವುದರಿಂದ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ಅದರಲ್ಲಿರುವ ತೆರಿಗೆ ಯಾವತ್ತಿದ್ದರೂ ನೀವು ಕಟ್ಟಬೇಕಾದದ್ದೇ. ಖರೀದಿ ತೆರಿಗೆಯ ಕ್ರೆಡಿಟ್ ಕಳೆದು ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲಿನ ವರ್ಷಕ್ಕೆ ಶೇಕಡ 18ರ ಬಡ್ಡಿ ಭಾರಿಯೇ ಹೌದು, ಆದರೆ ಅಷ್ಟು ದಿನ ಆ ದುಡ್ಡು ನಿಮ್ಮ ವ್ಯಾಪಾರದಲ್ಲೇ ಓಡಾಡಿದೆ; ಅದನ್ನು ಪೂರ್ತಿ ಲೆಕ್ಕಿಗರ ತಲೆಗೆ ಕಟ್ಟುವುದು ನನಗೆ ನ್ಯಾಯವೆನಿಸುವುದಿಲ್ಲ. ನೀವು ಸಮಯಕ್ಕೆ ಹಣ ಕೊಟ್ಟು ಅವರು ಚಲನ್ ಕಟ್ಟದೆ ಕುಳಿತಿದ್ದರೆ ಮಾತ್ರ ಬಡ್ಡಿಯೂ ಅವರದೇ. ಉಳಿಯುವುದು ವಿಳಂಬ ಶುಲ್ಕ: 3ಬಿಗೆ ದಿನಕ್ಕೆ 50 ರೂಪಾಯಿ, ವಹಿವಾಟು ಒಂದೂವರೆಯಿಂದ ಐದು ಕೋಟಿಯೊಳಗಿದ್ದರೆ ಒಂದು ರಿಟರ್ನಿಗೆ ಗರಿಷ್ಠ 5,000. ಇದು ಯಾರಿಂದ ತಡವಾಯಿತೋ ಅವರದು. ಮೆಕ್ಕೆಜೋಳದ ಸುಗ್ಗಿಯಲ್ಲಿ ಖರೀದಿ ಬಿಲ್ಲುಗಳ ಕಟ್ಟು ಹತ್ತೊಂಬತ್ತರ ಸಂಜೆ ನನ್ನ ಟೇಬಲ್ ಮೇಲೆ ಬೀಳುತ್ತದೆ, ಇಪ್ಪತ್ತರಂದು ರಿಟರ್ನ್ ಹೋಗಬೇಕು. ಅಂಥ ತಡಕ್ಕೆ ನಾನು ಹೊಣೆ ಹೊರಲಾರೆ. ಹಾಗೆಯೇ, ಒಂದು ಅಕ್ಕಿ ಗಿರಣಿಯವರು ಎಲ್ಲ ದಾಖಲೆಯನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೂ ಅವರ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡಿದ ತೆರಿಗೆ) ರಿಟರ್ನ್ ನನ್ನ ಮರೆವಿನಿಂದ 43 ದಿನ ತಡವಾದಾಗ, ದಿನಕ್ಕೆ 200ರಂತೆ ಬಂದ 8,600 ರೂಪಾಯಿಯನ್ನು ನಾನೇ ಕಟ್ಟಿದ್ದೇನೆ. ಆದ್ದರಿಂದ ಯಾವ ತಿಂಗಳ ಬಿಲ್ಲು ಯಾವ ದಿನ ಕೊಟ್ಟಿರಿ ಎಂಬುದನ್ನು ವಾಟ್ಸ್ಯಾಪ್ ಸಂದೇಶಗಳಿಂದಲೇ ಆಗಲಿ, ಮೊದಲು ಬರೆದಿಟ್ಟುಕೊಳ್ಳಿ.

ಲೆಕ್ಕಿಗರು ಎಂದರೆ ಯಾರು ಎಂಬುದೂ ಮುಖ್ಯ. ನಿಮ್ಮ ಅಂಗಡಿಯಲ್ಲೇ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಸಂಬಳದ ಗುಮಾಸ್ತರಾದರೆ, ಅವರ ವಿವರಣೆ ಕೇಳದೆ ಸಂಬಳ ಮುರಿದುಕೊಳ್ಳುವಂತಿಲ್ಲ; ಅವರ ಕೆಲಸವನ್ನು ನೋಡಿಕೊಳ್ಳುವ ಹೊಣೆ ಮಾಲೀಕರದೇ. ನಮ್ಮ ಕಡೆ ಎಲ್ಲರನ್ನೂ ಆಡಿಟರ್ ಎಂದೇ ಕರೆಯುತ್ತೇವೆ, ಆದರೆ ಚಾರ್ಟರ್ಡ್ ಅಕೌಂಟೆಂಟ್ ಆದವರ ಮೇಲೆ ಮಾತ್ರ ಅವರ ಸಂಸ್ಥೆಯ ಶಿಸ್ತು ವಿಭಾಗಕ್ಕೆ ದೂರು ಕೊಡಬಹುದು. 1949ರ ಅವರ ಕಾಯ್ದೆಯಲ್ಲಿ ಘೋರ ನಿರ್ಲಕ್ಷ್ಯವೂ ವೃತ್ತಿ ದುರ್ನಡತೆಯೇ. ಅವರು ತಪ್ಪು ವರದಿ ಕೊಟ್ಟರೆ ಅವರಿಗೇ ವರದಿಯೊಂದಕ್ಕೆ 10,000 ರೂಪಾಯಿ ದಂಡ ಹಾಕುವ 271ಜೆ ಕಲಂ 2017ರಲ್ಲಿ ಹಳೆಯ ಆದಾಯ ತೆರಿಗೆ ಕಾಯ್ದೆಗೆ ಸೇರಿತು. ಆದರೆ ಅದರಿಂದ ನಿಮ್ಮ ಹೊರೆ ಒಂದು ರೂಪಾಯಿಯೂ ಇಳಿಯುವುದಿಲ್ಲ.

ದೂರು ಕೊಡುವ ಮುನ್ನ ಒಂದು ಮಾತು. ವಿಳಂಬ ಶುಲ್ಕ ತಾನಾಗಿಯೇ ಬೀಳುತ್ತದೆ, ಅಲ್ಲಿ ಕಾರಣ ಕೇಳುವವರಿಲ್ಲ; ಅಧಿಕಾರಿ ನೋಟಿಸ್ ಕೊಟ್ಟು ಹಾಕುವ ದಂಡ ಹಾಗಲ್ಲ. ಕಾನೂನಿನಲ್ಲಿ ಅವಕಾಶವಿದೆ ಎಂಬ ಒಂದೇ ಕಾರಣಕ್ಕೆ ದಂಡ ಹಾಕಬಾರದೆಂದು ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಲೆಕ್ಕಿಗರು ಆಸ್ಪತ್ರೆ ಸೇರಿದ್ದರೆ, ಅಥವಾ ತಪ್ಪು ತಮ್ಮದೆಂದು ಒಪ್ಪಿದರೆ, ಅವರ ಕೈಯಿಂದ ಬಂದ ಪ್ರಮಾಣಪತ್ರವೇ (ಅಫಿಡವಿಟ್) ನಿಮ್ಮ ಉತ್ತರದ ಬಹು ಗಟ್ಟಿಯಾದ ದಾಖಲೆ. ಮೊದಲೇ ಬಾಯಿಗೆ ಬಂದಂತೆ ಬೈದು ಕಳಿಸಿದವರಿಗೆ ಆ ಕಾಗದ ಸಿಗುವುದಿಲ್ಲ. ನಡೆದದ್ದನ್ನಷ್ಟೇ ಬರೆಸಿ, ನೋಟಿಸಿನಲ್ಲಿ ಹೇಳಿದ ದಿನದೊಳಗೆ ಲಗತ್ತಿಸಿ ಉತ್ತರ ಕೊಡಿ, ಆಗಲೂ ದಂಡದ ಆದೇಶ ಬಂದರೆ ಜಿಎಸ್‌ಟಿಯಲ್ಲಿ ಮೇಲ್ಮನವಿಗೆ ಮೂರು ತಿಂಗಳ ಕಾಲಾವಕಾಶವಿದೆ.

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಮಾಲೀಕರು ಹೀಗೆಯೇ ಸಿಟ್ಟಿನಲ್ಲಿ ನನ್ನ ಬಳಿ ಬಂದಿದ್ದರು. ಏಳು ತಿಂಗಳಲ್ಲಿ ಮೂರು ನೋಟಿಸ್ ಬಂದಿದ್ದವು, ಅವರು ಒಂದನ್ನೂ ನೋಡಿರಲಿಲ್ಲ. ಪೋರ್ಟಲ್ ತೆರೆದಾಗ ನೋಂದಣಿಯಲ್ಲಿದ್ದ ಮೊಬೈಲ್ ಸಂಖ್ಯೆ, ಇಮೇಲ್ ಎರಡೂ ಹಳೆಯ ಲೆಕ್ಕಿಗರವು, ಪಾಸ್‌ವರ್ಡ್ ಕೂಡ ಅವರ ಬಳಿಯೇ ಇತ್ತು. ಲೆಕ್ಕಿಗರು ನೋಟಿಸ್ ತೋರಿಸದೆ ಮುಚ್ಚಿಟ್ಟದ್ದು ತಪ್ಪೇ, ಆದರೆ ತಮ್ಮ ಮನೆಯ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ಏಳು ತಿಂಗಳು ವಿಚಾರಿಸದೆ ಇದ್ದದ್ದರಲ್ಲಿ ಮಾಲೀಕರ ಪಾಲೂ ಇತ್ತು. ವಿಳಂಬ ಶುಲ್ಕವನ್ನು ಅರ್ಧರ್ಧ ಹಂಚಿಕೊಳ್ಳಲು ಇಬ್ಬರೂ ಒಪ್ಪಿದರು. ಬಡ್ಡಿಯನ್ನು ಮಿಲ್ಲಿನವರೇ ಕಟ್ಟಿದರು. ನಿಮ್ಮ ಕಂಪನಿಯ ನೋಂದಣಿಯಲ್ಲಿ ಯಾರ ಮೊಬೈಲ್ ಸಂಖ್ಯೆ ಇದೆ ಎಂದು ಇವತ್ತೇ ನೋಡಿ. ನಿಮ್ಮದಲ್ಲದಿದ್ದರೆ, ಓಟಿಪಿಗಾಗಿ ಲೆಕ್ಕಿಗರನ್ನು ಕಾಯಬೇಕಿಲ್ಲ. ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಗೆ ಗುರುತಿನ ದಾಖಲೆಗಳೊಂದಿಗೆ ಅರ್ಜಿ ಕೊಟ್ಟರೆ ಸಂಖ್ಯೆ ಮತ್ತು ಇಮೇಲನ್ನು ಬದಲಾಯಿಸಿಕೊಡುತ್ತಾರೆ.