ನೋವು ಹೋಗದಿದ್ದರೆ ವಿಶ್ವಾಸ ಕಡಿಮೆ ಎಂದಲ್ಲ

‘ಎರಡು ವರ್ಷಗಳಿಂದ ಬೆನ್ನುನೋವಿಗಾಗಿ ಪ್ರಾರ್ಥಿಸುತ್ತಿದ್ದೇನೆ, ಗುಣವಾಗಿಲ್ಲ, ನನ್ನ ವಿಶ್ವಾಸವೇ ಸಾಲದೇ?’ ಎಂದು ಕೇಳಿದ್ದೀರಿ. ಹಾಗೆಂದು ನಿಮ್ಮ ತಲೆಗೆ ತುಂಬಿದವರು ಯೇಸುವಿನ ಅಪೊಸ್ತಲ ಪೌಲ ಬರೆದ, ಸತ್ಯವೇದದಲ್ಲಿರುವ (ಬೈಬಲಿನಲ್ಲಿರುವ) ಪತ್ರಗಳನ್ನು ಪೂರ್ತಿ ಓದಿದಂತಿಲ್ಲ. ಶರೀರದಲ್ಲಿ ನಾಟಿದ್ದ ಶೂಲವೊಂದು ತೊಲಗಲಿ ಎಂದು ಅವನು ಕರ್ತನನ್ನು ಮೂರು ಸಲ ಬೇಡಿಕೊಂಡ (2 ಕೊರಿಂಥ 12). ಅದು ತೊಲಗಲಿಲ್ಲ, ಕೃಪೆಯೇ ಸಾಕು ಎಂಬ ಉತ್ತರ ಬಂತು. ಪೌಲನಿಗೆ ವಿಶ್ವಾಸ ಸಾಲದಾಗಿತ್ತು ಎನ್ನುವ ಧೈರ್ಯ ಯಾರಿಗಿದೆ?

ನನ್ನದು ಮಂಡಿನೋವು. ನಿದ್ದೆ ಬಾರದ ರಾತ್ರಿಗಳಲ್ಲಿ ಉದ್ದನೆಯ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಮಂಚದ ಅಂಚು ಹಿಡಿದು ಕುಳಿತು, ಉಸಿರು ಎಳೆದುಕೊಳ್ಳುವಾಗ ‘ಕರ್ತನೇ’, ಬಿಡುವಾಗ ‘ಕರುಣಿಸು’ ಎನ್ನುತ್ತಿದ್ದೆ. ಅಷ್ಟೇ. ನೋವು ಇದ್ದಲ್ಲೇ ಇರುತ್ತಿತ್ತು. ಆದರೆ ಅದರೊಂದಿಗೆ ನಾನು ಒಂಟಿ ಎಂಬ ದಿಗಿಲು ಮೆಲ್ಲಗೆ ಸಡಿಲವಾಗುತ್ತಿತ್ತು. ಕೆಲವು ರಾತ್ರಿ ಅದೂ ಆಗುತ್ತಿರಲಿಲ್ಲ, ಸುಳ್ಳು ಹೇಳಲಾರೆ.

ಅಂಥ ರಾತ್ರಿಗಳಿಗೆ ಸತ್ಯವೇದದ 88ನೆಯ ಕೀರ್ತನೆ ಇದೆ. ವಿಲಾಪದ ಬೇರೆ ಕೀರ್ತನೆಗಳು ಹೆಚ್ಚಾಗಿ ಕೊನೆಯಲ್ಲಿ ಸ್ತುತಿಯತ್ತ ತಿರುಗುತ್ತವೆ. ಇದು ಮಾತ್ರ ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಅದನ್ನು ಸತ್ಯವೇದದಿಂದ ಯಾರೂ ಕಿತ್ತುಹಾಕಲಿಲ್ಲ. ದೇವರ ಮುಂದೆ ಗೋಳಾಡುವುದೂ ಭಕ್ತಿಯೇ ಎಂದು ನಾನು ಒಪ್ಪಿಕೊಂಡದ್ದು ಅದನ್ನು ಓದಿದ ಮೇಲೆ. ತನ್ನ ಗೆಳೆಯ ಲಾಜರನ ಸಾವಿಗೆ ಯೇಸು ಸಹ ಕಣ್ಣೀರು ಹಾಕಿದನಲ್ಲ.

ಅಂದ ಹಾಗೆ, ಪ್ರಾರ್ಥನೆ ಸಾಕೆಂದು ಔಷಧಿ ನಿಲ್ಲಿಸಬೇಡಿ. ಪೌಲನ ಸಂಗಡಿಗ ಲೂಕನೇ ವೈದ್ಯನಾಗಿದ್ದ. ಇಂದು ರಾತ್ರಿ ಆ ಕೀರ್ತನೆಯನ್ನು ಗಟ್ಟಿಯಾಗಿ ಓದಿ ನೋಡಿ, ಹೇಗನಿಸಿತೆಂದು ಬರೆಯಿರಿ.