ಆ್ಯಪ್ ಬೇಡ ಅಣ್ಣಾರೆ, ಆ ದುಡ್ಡಲ್ಲಿ ಜೆಸಿಬಿಗೆ ಡೀಸೆಲ್ ಹಾಕಿಸಿ

ಅಣ್ಣಾರೆ, ಕುಷ್ಟಗಿ ಕಡೆ ಕೆರೆ ಹೂಳೆತ್ತುವ ನಿಮ್ಮ ಟ್ರಸ್ಟಿನ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಜನ ಇದ್ದಾರೆ, ಒಬ್ಬರೂ ಬಾಯಿ ಬಿಡುವುದಿಲ್ಲ, ಆ್ಯಪ್ ಮಾಡಿಸೋಣವಾ ಅಂತ ಕೇಳಿದ್ದೀರಿ. ಗುಂಪಿನಲ್ಲೇ ಮಾತಾಡದವರು ಆ್ಯಪಿನಲ್ಲಿ ಮಾತಾಡ್ತಾರಾ?

ನಾವು ಮಾನ್ವಿ ಕಡೆಯವರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ನಮ್ಮದೂ ಸಣ್ಣ ಸಂಸ್ಥೆ. ಮೊದಲು ದಿನಾ ಬೆಳಿಗ್ಗೆ ಉದ್ದುದ್ದ ಬರಹ, ಪಿಡಿಎಫ್, ನಮ್ಮದೇ ಸನ್ಮಾನದ ಫೋಟೊ ಹಾಕುತ್ತಿದ್ದೆವು. ಜನ ಗುಂಪನ್ನು ಮ್ಯೂಟ್ ಮಾಡಿ ಹೊಲಕ್ಕೆ ಹೋದರು. ಸರಿಯಾಗೇ ಮಾಡಿದರು ಬಿಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಬೆಳಗಾಗುವಷ್ಟರಲ್ಲಿ ನಮ್ಮ ಗುಂಪಿನ ತುಂಬ ಡ್ಯಾಮೇ ಒಡೆದಿದೆ ಅನ್ನುವ ಫಾರ್ವರ್ಡುಗಳು. ಭತ್ತದ ಸಸಿ ಹಾಕಿದವರಿಗೆ ಬೇಕಿದ್ದದ್ದು ಒಂದೇ ಮಾತು: ಕಾಲುವೆಗೆ ನೀರು ಬರುತ್ತೋ ಇಲ್ಲವೋ? ನಮ್ಮ ಸಂಸ್ಥೆಯ ಹುಡುಗಿಯೊಬ್ಬಳು ದಿನಕ್ಕೆ ಎರಡು ಸಲ, ಒಂದೊಂದು ನಿಮಿಷ, ಧ್ವನಿ ಸಂದೇಶ ಹಾಕತೊಡಗಿದಳು. ಗೊತ್ತಿದ್ದಷ್ಟು ಹೇಳಿದಳು. ಉಳಿದದ್ದಕ್ಕೆ "ಸಂಜೆ ವಿಚಾರಿಸಿ ಹೇಳ್ತೀನಿ" ಅಂದಳು, ಸಂಜೆ ಹೇಳಿದಳು ಕೂಡ. ಸ್ಟಾಪ್‌ಲಾಗ್ ಅಂದರೆ ತಾತ್ಕಾಲಿಕ ಗೇಟು ಕೂರಿಸಿ ನೀರು ತಡೆಯುವವರೆಗೆ, ಸುಮಾರು ಒಂದು ವಾರ, ಹೀಗೇ ನಡೆಯಿತು. ಓದಲು ಬಾರದ ಅಜ್ಜಂದಿರೂ ಮೈಕ್ ಒತ್ತಿ ಪ್ರಶ್ನೆ ಕೇಳಿದರು. ಆವರೆಗೆ ಅವರು ಗುಂಪಿನಲ್ಲಿದ್ದಾರೆ ಅನ್ನೋದೇ ನಮಗೆ ಮರೆತುಹೋಗಿತ್ತು!

ಈಗ ನಮ್ಮಲ್ಲಿ ಒಂದು ಸಂದೇಶಕ್ಕೆ ಒಂದೇ ವಿಷಯ, ಅದೂ ನಮ್ಮ ಕಡೆಯ ಮಾತಿನಲ್ಲಿ. ಪ್ರಶ್ನೆಗೆ ಉತ್ತರ ಕೊಡಿಸುವ ಹೊಣೆ ಒಬ್ಬರದ್ದು. ಬೆಳೆ ರೋಗದ ಪ್ರಶ್ನೆಗೆ ನಾವು ಊಹೆ ಮಾಡುವುದಿಲ್ಲ, ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕೇಳಿಸುತ್ತೇವೆ.

ಮುನ್ನೂರು ಜನರ ಗುಂಪನ್ನು ಊರಿಗೊಂದರಂತೆ ಒಡೆಯಿರಿ. ಊರಿನ ಹಿರೀಕರೆಲ್ಲ ನೋಡುತ್ತಿರುವಾಗ ಸೊಸೆಯಂದಿರು ಮಾತಾಡುತ್ತಾರಾ? ಹೆಂಗಸರಿಗೆ ಬೇರೆ ಗುಂಪು, ಅಡ್ಮಿನ್ ಸ್ತ್ರೀಶಕ್ತಿ ಸಂಘದ ಅಕ್ಕನೇ ಇರಲಿ. ಎಷ್ಟೋ ಮನೆಯಲ್ಲಿ ಫೋನ್ ಒಂದೇ, ಅದು ಹಗಲೆಲ್ಲ ಗಂಡನ ಜೇಬಿನಲ್ಲಿ. ಹಾಗಾಗಿ ಅವರಿಗೆ ರಾತ್ರಿ ಎಂಟರ ಮೇಲೆ ಕಳಿಸುತ್ತೇವೆ. ಬ್ರಾಡ್‌ಕಾಸ್ಟ್ (ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗೋದು) ಮಾಡ್ತೀವಿ ಅಂದರೆ ಒಂದು ನೆನಪಿಡಿ: ಒಂದು ಪಟ್ಟಿಗೆ 256 ಜನ ಮಾತ್ರ. ಅದೂ ನಿಮ್ಮ ನಂಬರ್ ಅವರ ಫೋನಿನಲ್ಲಿ ಸೇವ್ ಆಗಿದ್ದರೆ ಮಾತ್ರ ತಲುಪುತ್ತದೆ. ನಾವು ಸಭೆಯಲ್ಲೇ ಕೂತು ಒಬ್ಬೊಬ್ಬರ ಫೋನಿಗೂ ಸೇವ್ ಮಾಡಿಕೊಟ್ಟೆವು. ಗುಂಡಿ ಫೋನಿನವರು ಮಿಸ್ಡ್ ಕಾಲ್ ಕೊಟ್ಟರೆ ನಾವೇ ತಿರುಗಿ ಮಾಡುತ್ತೇವೆ.

ಗುಳೆ ಹೋದವರನ್ನು ಮಾತ್ರ ಗುಂಪಿನಿಂದ ತೆಗೆಯಬೇಡಿ. ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದರೂ ಊರ ಕೆರೆಗೆ ನೀರು ಬಂತಾ ಅಂತ ಮೊದಲು ಕೇಳುವವರು ಅವರೇ. ನೂರಿನ್ನೂರು ಕಳಿಸುವವರೂ ಅವರೇ. ಕ್ಯೂಆರ್ ಕೋಡ್ ಟ್ರಸ್ಟಿನ ಖಾತೆಯದ್ದೇ ಇರಲಿ, ಕಾರ್ಯದರ್ಶಿಯ ಸ್ವಂತ ನಂಬರ್ ಬೇಡ. ಪ್ರತಿ ಶನಿವಾರ ಲೆಕ್ಕದ ಪುಸ್ತಕದ ಹಾಳೆಯ ಫೋಟೊ ಹಾಕಿ. ನಮ್ಮಲ್ಲಿ ಸನ್ಮಾನದ ಫೋಟೊಗಿಂತ ಅದನ್ನೇ ಜಾಸ್ತಿ ಜನ ನೋಡುತ್ತಾರೆ, ತಪ್ಪನ್ನೂ ಹಿಡಿಯುತ್ತಾರೆ. ಆದರೆ ಆಧಾರ್, ಪಾಸ್‌ಬುಕ್ ಫೋಟೊ ಯಾರಾದರೂ ಹಾಕಿದರೆ ತಕ್ಷಣ ಅಳಿಸಿ.

ನಾಳೆ ಹೊಸದೇನೂ ಮಾಡಬೇಡಿ. ಎತ್ತಿದ ಹೂಳು ಯಾರ ಹೊಲಕ್ಕೆ ಎಷ್ಟು ಟ್ರ್ಯಾಕ್ಟರ್ ಬೇಕು ಅಂತ ಒಂದು ನಿಮಿಷದ ಧ್ವನಿ ಹಾಕಿ ನೋಡಿ. ಸಂಜೆವರೆಗೂ ಯಾರೂ ಉತ್ತರಿಸದಿದ್ದರೆ ಹತ್ತು ಮನೆಗೆ ಫೋನ್ ಮಾಡಿ, ಸಂದೇಶ ಕೇಳಿಸಿತಾ ಅಂತ ವಿಚಾರಿಸಿ. ಏನು ಹೇಳಿದರು ಅಂತ ಇಲ್ಲೇ ಬರೆಯಿರಿ, ಮುಂದಿನದ್ದು ನೋಡೋಣ.